ಮೂರು ಸೀಟಿಯ ಮನೆ

ಬಾಡಿಗೆ ಮನೆಯ ಕುಕ್ಕರಿಗೆ ಮೂರಕ್ಕಿಂತ ಹೆಚ್ಚು ಸೀಟಿ ಹೊಡೆಯುವ ಅಧಿಕಾರವಿಲ್ಲ. ಇದು ಯಾವ ಕರಾರುಪತ್ರದಲ್ಲೂ ಬರೆದಿರುವುದಿಲ್ಲ. ಆದರೂ ಬಾಡಿಗೆಗೆ ಇದ್ದವರಿಗೆಲ್ಲ ಗೊತ್ತು, ಬಾಡಿಗೆಗೆ ಕೊಟ್ಟವರಿಗೆ ಇನ್ನೂ ಚೆನ್ನಾಗಿ ಗೊತ್ತು. ಅನ್ನಕ್ಕೆ ಎರಡು, ತೊಗರಿಬೇಳೆಗೆ ಮೂರು. ಕಡಲೆಕಾಳಿದ್ದರೆ ಹಬ್ಬದ ರಿಯಾಯಿತಿ ಅಂತ ಐದು. ಆರನೆಯ ಸೀಟಿ ಕೇಳಿಸಿತೋ, ಗೋಡೆಯಾಚೆ ಒಂದು ಕಿವಿ ನೆಟ್ಟಗಾಗುತ್ತದೆ: ಇವರ ಮನ್ಯಾಗ ಅಂಥಾದ್ದೇನು ಬೇಯಾಕತ್ತೈತಿ?

ಚಿಕ್ಕೋಡಿಯಲ್ಲಿ ಬಾಪುಸಾಹೇಬರ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಸಮಾಧಾನ ಎಂಬ ಸರ್ಕಾರಿ ಗುಮಾಸ್ತ ಹೆಂಡತಿ ನೀಲಮಳ ಜೊತೆ ಇದ್ದ. (ಹೆಸರು ಅಪ್ಪ ಇಟ್ಟದ್ದು. ಪಾಪ, ಅಪ್ಪಂದಿರಿಗೆ ಮುಂದಿನದು ಗೊತ್ತಿರುವುದಿಲ್ಲ.) 2011ರ ಮಾತು. ಅದಕ್ಕೂ ಮೊದಲು ಅವನು ಹನ್ನೊಂದು ಮನೆ ನೋಡಿದ್ದ. ಹನ್ನೊಂದೂ ಖಾಲಿ ಇದ್ದವು. ಇವನು ತನ್ನೂರು ಕರೋಶಿ ಅಂದು, ಓಣಿಯ ಹೆಸರು ಹೇಳಿದ ಕೂಡಲೇ ಹನ್ನೊಂದೂ ಭರ್ತಿಯಾದವು. ಹನ್ನೆರಡನೆಯವರು ಬಾಪುಸಾಹೇಬರು.

"ನೀವು ಯಾ ಪೈಕಿರಿ?"

"ಬೌದ್ಧರ್ರಿ."

ಬಾಪುಸಾಹೇಬರ ಮುಖ ಅರಳಿತು. "ಬೇಷ್ ಆತು! ನೀವೂ ಅಹಿಂಸಾ, ನಾವು ಜೈನರೂ ಅಹಿಂಸಾ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿಂದ್ರ ತಿನ್ರಿ, ನಾವೇನ ಹಳೇ ಕಾಲದವರಲ್ಲ."

ಆವತ್ತೇ ಸಮಾಧಾನ ಬಾಯಿ ಬಿಟ್ಟು, 'ಸಾಹೇಬ್ರ, ನಮ್ಮವ್ವ ದನದ ಖಂಡದ ಸಾರು ಮಾಡ್ತಾಳ್ರಿ, ಅದರ ವಾಸನಿಗೆ ಸತ್ತವನೂ ಎದ್ದು ತಾಟು ಹುಡುಕ್ತಾನ್ರಿ' ಎನ್ನಬೇಕಿತ್ತು. ಹನ್ನೊಂದು ಮನೆ ತಿರುಗಿದ ಕಾಲಿಗೆ ಅಷ್ಟು ಸತ್ಯ ಹೊರುವ ಶಕ್ತಿ ಇರಲಿಲ್ಲ. ಸುಮ್ಮನೆ ನಕ್ಕ. ಆ ನಗೆಯೇ ಅವನ ಕರಾರುಪತ್ರ.

ಎರಡು ವರ್ಷ ಆ ನಗೆ ನಡೆಯಿತು. ಖಂಡ ತಿನ್ನುವ ಆಸೆಯಾದರೆ ಗಂಡ ಹೆಂಡತಿ ಕರೋಶಿಗೆ ಹೋಗಿ ಬರುತ್ತಿದ್ದರು. ಆಮೇಲೆ ನೀಲಮ ಬಸುರಿಯಾದಳು. ಐದು ತಿಂಗಳು ತಿಂದದ್ದು ನಿಲ್ಲಲಿಲ್ಲ, ಬಸ್ಸಿನ ವಾಸನೆಗೇ ವಾಂತಿ. ದವಾಖಾನೆಯಲ್ಲಿ ನರ್ಸಬಾಯಿ, "ರಕ್ತ ಭಾಳ ಕಡಿಮಿ ಐತಿ, ಏನರ ಗಟ್ಟಿ ತಿನ್ನವಾ" ಎಂದು ಬೈದು ಕಳಿಸಿದಳು. ಆರನೆಯ ತಿಂಗಳಲ್ಲಿ ಒಂದು ಬೆಳಗ್ಗೆ ನೀಲಮ ಎದ್ದು ಕುಳಿತು ಹೇಳಿದಳು: "ರೀ, ನನಗ ಅತ್ತಿ ಮಾಡೂ ಖಂಡದ ಸಾರು ಬೇಕ್ರಿ. ಎಲುಬು ಹಾಕಿದ್ದು. ಇಲ್ಲೇ, ನನ್ನ ಮನ್ಯಾಗ, ಬಿಸಿದು."

ಸಮಾಧಾನ ಎದ್ದು, ಹಿತ್ತಲ ಬಾಗಿಲು ಹಾಕಿದೆಯೇ ಎಂದು ನೋಡಿಬಂದ.

ಸಂಕಟ ಇಷ್ಟಕ್ಕೇ ಮುಗಿಯಲಿಲ್ಲ. ಬಾಪುಸಾಹೇಬರ ಹೆಂಡತಿ ಲಕ್ಷ್ಮಿಬಾಯಿ ಒಳ್ಳೆಯವಳು. (ಕೆಟ್ಟ ಮಾಲಕಿ ಸಿಕ್ಕರೆ ಬೈದುಕೊಂಡಾದರೂ ಇರಬಹುದು. ಒಳ್ಳೆಯವಳು ಸಿಕ್ಕರೆ ಮನುಷ್ಯ ಮಾಡುವುದೇನು?) ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆ, ಆ ಪಾಪ ಮನೆಯ ಯಜಮಾನತಿಗೆ ತಟ್ಟುತ್ತದೆ ಎಂದು ನಂಬಿದವಳು. ದಿನಾ ಹಿತ್ತಲ ಬಾಗಿಲಿಗೆ ಬಂದು ಕೇಳುತ್ತಿದ್ದಳು: "ನೀಲಮಾ, ಬಯಕಿ ಏನೈತಿ ಹೇಳ ಬೇ. ಬಾಯಾಗ ಇಟ್ಕೋಬಾರದು. ನಾ ಮಾಡಿ ಕೊಡ್ತೀನಿ."

ನೀಲಮ ಬಾಯಿ ತೆರೆದಳು. ಅವಳಿಗಿಂತ ಮೊದಲು ಸಮಾಧಾನನ ಬಾಯಿ ತೆರೆಯಿತು: "ಹೋಳಗಿ ಕಾಕೂ! ಅಕಿಗಿ ಹೋಳಗಿ ಬಯಕಿ!"

"ಅಷ್ಟ ಏನ? ಹೆರಿಗಿ ಆಗೂತನಕ ಪ್ರತಿ ಶುಕ್ರವಾರ ಮಾಡಿ ಕೊಡ್ತೀನಿ. ಇದು ನನ್ನ ಮಾತು."

ಮೂರು ಶುಕ್ರವಾರ ಡಬ್ಬಿ ತುಂಬ ಹೋಳಿಗೆ ಬಂದವು. ನೀಲಮ ಮೂಸಿ ನೋಡಿ ಮುಖ ತಿರುಗಿಸಿದಳು. ಡಬ್ಬಿ ಖಾಲಿ ಮಾಡುವ ಸರ್ಕಾರಿ ಕರ್ತವ್ಯ ಗಂಡನ ಪಾಲಿಗೆ ಬಂತು. ಬಸುರಿ ತೆಳ್ಳಗಾದಳು, ಗಂಡನಿಗೆ ಹೊಟ್ಟೆ ಬಂತು. ಕಚೇರಿಯಲ್ಲಿ ಒಬ್ಬ, "ನಿಮ್ಮಿಬ್ಬರಾಗ ಯಾರಿಗಿ ಎಷ್ಟನೇ ತಿಂಗಳ್ರಿ?" ಎಂದೂ ಕೇಳಿದ.

"ಹೇಳಾಕ ಆಗೂದಿಲ್ಲೇನ್ರಿ ನಿಮಗ?" ನೀಲಮ ರೇಗಿದಳು. "ಕಳುವು ಮಾಡಾಕತ್ತೇವೇನು? ಕಾಯ್ದೇದಾಗ ತಪ್ಪೈತೇನು?"

"ಕಾಯ್ದೇದಾಗಿಲ್ಲ, ಖರೆ. ಆದರ ಕಾಯ್ದೆ ನಮ್ಮಂಗ ಬಾಡಗಿ ಮನ್ಯಾಗ ಇರೂದಿಲ್ಲ ನೀಲಮಾ."

"ಹಂಗಾರ ನಿಮ್ಮ ಮಗ ಹುಟ್ಟಿ ಕಿವಿ ಸೋರಿದ್ರ, ಆಗೂ ಹೋಳಗಿ ಇಡ್ರಿ ಕಿವ್ಯಾಗ."

ಗಂಡಸಿನ ಬುದ್ಧಿ ಇಂಥ ಮಾತಿನ ಮೇಲೆಯೇ ಓಡುವುದು. ಬಾಪುಸಾಹೇಬರ ಮನೆಯವರು ಅಮಾವಾಸ್ಯೆಗೆ ಸ್ತವನಿಧಿಯ ಬಸದಿಗೆ ಹೋದರೆ, ಹೊತ್ತು ಮುಳುಗುವ ಮುಂಚಿನ ತಮ್ಮ ಊಟದ ಹೊತ್ತಿಗೇ ಬರುವುದು. ಈ ಸಲ ಅಮಾವಾಸ್ಯೆ ರವಿವಾರ ಬಿದ್ದಿತ್ತು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಚಿಕ್ಕೋಡಿಯಲ್ಲಿ ಸ್ವರಾಜ್ಯ!

ಚಿಕ್ಕೋಡಿಯ ಅಂಗಡಿಯಲ್ಲಿ ಗುರುತಿನವರು ಸಿಕ್ಕಾರೆಂದು ಆ ಮಹಾಶೂರ ಮೊದಲ ಬಸ್ಸಿಗೇ ನಿಪ್ಪಾಣಿಗೆ ಹೋದ. ಅಂಗಡಿಯವನ ಕಿವಿಗೆ ಬಾಗಿ ಪಿಸುಗುಟ್ಟಿದ: "ಎರಡು ಕಿಲೋ. ಎಲುಬು ಸಮೇತ."

"ಜೋರ ಮಾತಾಡ್ರಿ, ಇದೇನ ದವಾಖಾನಿ ಏನ್ರಿ?" ಎಂದು ಅವನು ಓಣಿಗೆಲ್ಲ ಕೇಳುವಂತೆ ಹೇಳಿ, ಕಡಿದು, ಕಟ್ಟಿಕೊಟ್ಟ. ಸಮಾಧಾನ ಅದನ್ನು ಕಚೇರಿಯ ಟಪಾಲು ಚೀಲದಲ್ಲಿ ಇಳಿಸಿದ. ವಾಪಸ್ಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ: "ಏನೈತ್ರಿ ಚೀಲದಾಗ?"

"ಫೈಲ್ರಿ. ಅರ್ಜೆಂಟ್ ಫೈಲ್."

"ನಿಮ್ಮ ಫೈಲ್ ಸೋರಾಕತ್ತೈತ್ರಿ."

ಮನೆ ಮುಟ್ಟುವಾಗ ಹತ್ತೂವರೆ. ಬಾಪುಸಾಹೇಬರ ಮುಂದಿನ ಬಾಗಿಲಿಗೆ ಕೀಲಿ. ಸಮಾಧಾನ ಕಿಟಕಿ ಮುಚ್ಚಿದ, ಬಾಗಿಲ ಸಂದಿಗೆ ಹಳೆಯ ಧೋತರ ತುರುಕಿದ, ಹದಿನಾರು ಊದಿನಕಡ್ಡಿ ಹಚ್ಚಿದ. ಕರೋಶಿಯಲ್ಲಿದ್ದ ಅವ್ವ ಸಕ್ಕುಬಾಯಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಸಕ್ಕುಬಾಯಿಗೆ ಫೋನು ಎಂದರೆ ಕರೋಶಿಯಿಂದ ಚಿಕ್ಕೋಡಿಗೆ ಒದರುವ ಯಂತ್ರ.

"ಲೇ ಸಮ್ಯಾ, ಮೊದಲ ಅರಿಷಿಣ ಉಪ್ಪು ಹಚ್ಚಿ ಖಂಡಾನ ಅದರ ನೀರಾಗ ಬೇಯಾಕ ಬಿಡ! ಒಣಕೊಬ್ರಿ, ಉಳ್ಳಾಗಡ್ಡಿ ಸುಟ್ಟು ಅರಿ! ಬಳ್ಳೊಳ್ಳಿ ಕೈ ಬಿಗಿ ಹಿಡೀಬ್ಯಾಡ!"

"ಯವ್ವಾ, ಸಾವಕಾಶ ಮಾತಾಡ."

"ಯಾಕೋ, ಯಾರರ ಸತ್ತಾರೇನು? ಎತ್ತು ಎಷ್ಟ ವಯಸ್ಸಿಂದು?"

ಖಂಡವನ್ನು ಒತ್ತಿ ನೋಡಿದ. ಎತ್ತು ಅವರ ಹೆಡ್ ಕ್ಲಾರ್ಕನಷ್ಟೇ ಸರ್ವೀಸು ಮಾಡಿದ ಹಾಗಿತ್ತು; ಯಾವ ಒತ್ತಡಕ್ಕೂ ಬಗ್ಗುತ್ತಿರಲಿಲ್ಲ.

"ಹಂಗಾರ ಹದಿನೈದು ಸೀಟಿ ಹೊಡಸು," ಎಂದು ತಾಯಿ ತೀರ್ಪು ಕೊಟ್ಟಳು.

ಹದಿನೈದು! ಕೀಲಿ ಹಾಕಿದ ಮನೆಯಾದರೇನು, ಎದುರಿಗೆ ಸೊಸೈಟಿ ಕ್ಲಾರ್ಕನ ಹೆಂಡತಿ ಕುಸುಮ ಇದ್ದಳು, ತತ್ತಿಯನ್ನೂ ಮುಟ್ಟದ ಮನೆತನ. ಸಮಾಧಾನ ಹಕ್ಕಿನ ಮೂರು ಸೀಟಿ ಹೊಡೆಸಿದ. ನಾಲ್ಕನೆಯದು ಬರುವ ಗುರುತು ಕಂಡ ಕೂಡಲೇ ಇಕ್ಕಳದಿಂದ ಸೀಟಿಯನ್ನು ಎತ್ತಿ ಹಿಡಿದ. ಫುಸ್ ಎಂದು ಹಬೆ ಹೋಯಿತು. ಸದ್ದು ಅಡಗಿತು, ವಾಸನೆ ಹೊರಬಿತ್ತು. ಹೀಗೆ ಮೂರು ತಾಸು ಅವನು ಒಲೆಯ ಮುಂದೆ ಹೆರಿಗೆ ಮಾಡಿಸುವ ಸೂಲಗಿತ್ತಿಯಂತೆ ಬೆವರು ಸುರಿಸುತ್ತ ನಿಂತ. ನೀಲಮ ಒಳಖೋಲಿಯ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದಳು. ಆರು ತಿಂಗಳಲ್ಲಿ ಮೊದಲ ಸಲ ಅವಳ ಹೊಟ್ಟೆ ತೊಳಸಲಿಲ್ಲ, ಬಾಯಲ್ಲಿ ನೀರು ಬಂತು. ಎರಡು ಭಕ್ಕರಿ ಬಡಿದು ತಾಟು ಹಾಕಿಕೊಂಡಳು. ಸಾರು ಪಾತೇಲಿಗೆ ಇಳಿಯಿತು: ಕೆಂಪು ಎಣ್ಣೆ ಮೇಲೆ, ಮೂಳೆಯ ನೆಣ ಕರಗಿದ ಗಟ್ಟಿ ರಸ ಕೆಳಗೆ. ಒಂದು ತುಣುಕು ಬೆರಳಿಗೆ ಮಣಿಯಿತು.

"ಆತೇನ್ರಿ?"

"ಎರಡ ಮಿನಿಟ್."

ಹೊರಗೆ ಬಾಗಿಲು ಬಡಿಯಿತು. "ನೀಲಮಾ! ಬಾಗಲಾ ತಗಿ ಬೇ!"

ಲಕ್ಷ್ಮಿಬಾಯಿ! ಸ್ತವನಿಧಿಗೆ ಹೋದವರು ಗಂಡಸರು ಮಾತ್ರ. ಹೆಂಗಸರು ಮನೆಗೆ ಕೀಲಿ ಹಾಕಿ, ಎದುರು ಕುಸುಮಳ ಮನೆಯಲ್ಲಿ ಕುಳಿತು, ನೀಲಮಳಿಗೆ ಹೇಳದೆ ಕೇಳದೆ ಬಯಕೆ ಊಟಕ್ಕೆ ಅಡುಗೆ ಮಾಡುತ್ತಿದ್ದರು! ಐದು ಮಂದಿ ಮುತ್ತೈದೆಯರು, ಹಸಿರು ಬಳೆ, ಕೊಬ್ಬರಿ, ಮುಚ್ಚಿದ ಡಬ್ಬಿಗಳು. ಮುಂದೆ ಲಕ್ಷ್ಮಿಬಾಯಿ, ಹಿಂದೆ ಅವಳ ಸೊಸೆ ತ್ರಿಶಲಾ, ಅವಳ ಹಿಂದೆ ಕುಸುಮ. ಸಮಾಧಾನ ಬಾಗಿಲು ಪೂರ್ತಿ ತೆರೆಯುವುದಕ್ಕೂ ಮೊದಲೇ ಧೋತರ ತಳ್ಳಿಕೊಂಡು ಒಳಗೆ ಬಂದರು. ನೀಲಮಳನ್ನು ಮಣೆಯ ಮೇಲೆ ಕೂರಿಸಿದರು. ಡಬ್ಬಿ ಇಡಲು ಲಕ್ಷ್ಮಿಬಾಯಿ ನೇರ ಒಲೆಯ ಬಳಿಗೇ ನಡೆದಳು.

"ಏನ್ರಿ ಇದು, ಇಷ್ಟು ಘಮಾ ಘಮಾ?"

ಹುಟ್ಟಿದಾಗಿನಿಂದ ಮೂಸದವಳಿಗೆ ಆ ವಾಸನೆಯ ಗುರುತು ಎಲ್ಲಿಂದ ಬರಬೇಕು? ಅವಳ ಮೂಗಿಗೆ ಲವಂಗ, ದಾಲ್ಚಿನ್ನಿ ಅಷ್ಟೇ. ಸಮಾಧಾನನ ನಾಲಿಗೆ ಮತ್ತೆ ಅವನಿಗಿಂತ ಮುಂದೆ ಓಡಿತು.

"ಕಷಾಯ್ರಿ ಕಾಕೂ! ರಕ್ತ ಹೆಚ್ಚಾಗೂ ಕಷಾಯ. ಗಾವಟಿ ಔಷಧ."

"ಹೌದೇನು! ನಮ್ಮ ತ್ರಿಶಲಾಗೂ ರಕ್ತ ಕಡಿಮಿ ಅಂದಾರ ಡಾಕ್ಟರು. ತ್ರಿಶಲಾ, ವಾಟಿ ತಗೊಂಬಾ. ಒಂದ ಸೌಟು ಹಾಕ್ರಿ ಸಮಾಧಾನ."

ತ್ರಿಶಲಾ ವಾಟಿ ಹಿಡಿದು ನಿಂತಳು. ಬೆಳ್ಳುಳ್ಳಿಯನ್ನೂ ಮುಟ್ಟದ ಹುಡುಗಿ.

ಇಲ್ಲಿ ಒಂದು ಮಾತು ಹೇಳಬೇಕು. ಸಮಾಧಾನ ಪುಕ್ಕಲನಾಗಿದ್ದ, ಸುಳ್ಳುಗಾರನಾಗಿದ್ದ. ಆದರೆ ತಿನ್ನದವರ ಬಾಯಿಗೆ ಮೋಸದಿಂದ ಹಾಕುವ ಮನುಷ್ಯನಲ್ಲ. ಖರೆ ಹೇಳಿದರೆ ಮನೆ ಹೋಗುತ್ತದೆ. ಹೇಳದಿದ್ದರೆ ಆ ಹುಡುಗಿಯ ಧರ್ಮ ಹೋಗುತ್ತದೆ. ಎರಡನ್ನೂ ಉಳಿಸುವ ದಾರಿ ಅವನಿಗೆ ಒಂದೇ ಹೊಳೆಯಿತು. ಮೊಣಕೈಯಿಂದ ಪಾತೇಲಿಯನ್ನು ತಳ್ಳಿದ.

ಎರಡು ಕಿಲೋ ಖಂಡ, ಮೂರು ತಾಸಿನ ಬೆವರು, ಆರನೆಯ ತಿಂಗಳ ಬಯಕೆ, ಎಲ್ಲ ಫರಸಿಯ ಮೇಲೆ ಹರಡಿ, ಮೋರಿಯ ಕಡೆ ದಾರಿ ಹಿಡಿಯಿತು. ಒಂದು ಎಲುಬು ಉರುಳಿ ಬಂದು ಲಕ್ಷ್ಮಿಬಾಯಿಯ ಕಾಲ ಬಳಿ ನಿಂತಿತು.

ಕಷಾಯದಲ್ಲಿ ಎಲುಬು!

ಮಣೆಯ ಮೇಲೆ ಕುಳಿತ ನೀಲಮ ಅಳಲಿಲ್ಲ. ನೆಲದ ಮೇಲಿನ ಸಾರನ್ನೇ ನೋಡುತ್ತ ಹೇಳಿದಳು: "ಕಾಕೂ, ಅದು ಕಷಾಯ ಅಲ್ರಿ. ದನದ ಖಂಡದ ಸಾರು. ನನ್ನ ಬಯಕಿ ಅದ ಐತ್ರಿ. ಹೋಳಗಿ ಇವರ ಬಯಕಿ."

"ಅದಕ್ಕ ಅನ್ನಾಕತ್ತಿದ್ನಿ," ಕುಸುಮ ಕೂಗಿದಳು, "ಇದು ಮಟನ್ ವಾಸನಿಗಿಂತ ಬ್ಯಾರೆ ಐತಿ ಅಂತ!"

ಎಲ್ಲರೂ ಕುಸುಮಳ ಕಡೆ ತಿರುಗಿದರು. ಕುಸುಮ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಲಕ್ಷ್ಮಿಬಾಯಿ ಸೊಸೆಯ ಕೈಯಿಂದ ವಾಟಿ ಕಿತ್ತುಕೊಂಡಳು. ಕಾಲ ಬಳಿಯ ಎಲುಬಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ವಾಟಿಗೆ ಹಾಕಲಿಲ್ಲಲ್ಲ, ಅಷ್ಟ ಪುಣ್ಯಾ ಮಾಡೀರಿ," ಎಂದಳು. "ಉಡಿ ತುಂಬೂದು ಅರ್ಧಕ್ಕ ಬಿಡಬಾರದು." ಅಕ್ಕಿ, ಕೊಬ್ಬರಿ, ಖಣ ತುಂಬಿದಳು. ಯಾವಾಗಲೂ ಮಡಿಲಲ್ಲಿ ಕೈಯಿಟ್ಟು ತುಂಬುತ್ತಿದ್ದವಳು ಈ ಸಲ ಒಂದು ಗೇಣು ಮೇಲಿನಿಂದ ಬಿಟ್ಟಳು. ಹೋಗುವಾಗ ಬಾಗಿಲಲ್ಲಿ ತಿರುಗಿ ಹೇಳಿದಳು: "ಹೆರಿಗಿ ಆಗೂತನಕ ಇರ್ರಿ. ಆಮ್ಯಾಲ ಬ್ಯಾರೆ ಮನಿ ನೋಡ್ಕೋರಿ."

ನಗುವವರು ಆ ಒಂದು ಗೇಣಿನ ತನಕ ನಕ್ಕರೆ ಸಾಕು.

ಸಮಾಧಾನ ನೆಲ ಒರೆಸತೊಡಗಿದ. "ಅಕಿ ಧರ್ಮ ಉಳಿಸಿದ್ನಿ ನೋಡ ನೀಲಮಾ..."

"ಉಳಿಸಿದ್ರಿ. ಖರೆ ಹೇಳಿದ್ರೂ ಉಳೀತಿತ್ತು. ನಿಮಗ ಬಾಯಿ ತಗಿಯೂದಕಿಂತ ನನ್ನ ಪಾತೇಲಿ ಚೆಲ್ಲೂದು ಹಗುರಾತು." ನೀಲಮ ಬಳೆ ಏರಿಸಿಕೊಂಡು, ಚೀಲ ತುಂಬಿ, ಸಂಜೆಯ ಬಸ್ಸಿಗೆ ಕರೋಶಿಗೆ ಅತ್ತೆಯ ಹತ್ತಿರ ಹೋದಳು.

ಶುಕ್ರವಾರ ಬಂತು. ಹಿತ್ತಲ ಬಾಗಿಲ ಚಿಲಕಕ್ಕೆ ಹೋಳಿಗೆಯ ಡಬ್ಬಿ ತೂಗುತ್ತಿತ್ತು. ಕೊಟ್ಟ ಮಾತು ಕೊಟ್ಟ ಮಾತು. ಲಕ್ಷ್ಮಿಬಾಯಿ ಕೂಗಲಿಲ್ಲ, ಕೇಳಲಿಲ್ಲ, ಡಬ್ಬಿ ವಾಪಸ್ಸು ಬರುವುದು ಬೇಡವೆಂದು ಪ್ಲಾಸ್ಟಿಕ್ಕಿನದು.

ರವಿವಾರ ಆ ಡಬ್ಬಿ ಹಿಡಿದು ಸಮಾಧಾನ ಕರೋಶಿಗೆ ಹೋದ. ಬೆಳಗ್ಗೆಯಿಂದ ಉಪವಾಸವಿದ್ದ, ಅವ್ವನ ಗಡಿಗೆಯ ನೆನಪಲ್ಲಿ. ಓಣಿಯ ತಿರುವಿನಲ್ಲೇ ವಾಸನೆ ಅವನ ಅಂಗಿ ಹಿಡಿದು ಎಳೆಯಿತು. ಒಳಗೆ ಕುಕ್ಕರು ರಾಜಾರೋಷವಾಗಿ ಸೀಟಿ ಹೊಡೆದು ತಣ್ಣಗಾಗಿತ್ತು. ಗಡಿಗೆಯನ್ನು ಬೋರಲು ಹಾಕಿದ್ದರು. ನೀಲಮ ಗೋಡೆಗೆ ಒರಗಿ, ಒಂದು ಎಲುಬನ್ನು ಕೊನೆಯ ಸಲ ಚೀಪಿ, ತಾಟಿನಲ್ಲಿಟ್ಟಳು. ವಾರದಲ್ಲೇ ಮುಖಕ್ಕೆ ಕಳೆ ಬಂದಿತ್ತು.

"ಯವ್ವಾ, ನನಗ?"

ಸಕ್ಕುಬಾಯಿ ಅವನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ತೆರೆದು, ತಾಟಿಗೆ ನಾಲ್ಕು ಹೋಳಿಗೆ ಹಾಕಿ ಅವನ ಮುಂದೆ ಸರಿಸಿದಳು. "ನಿನಗ ಹೋಳಗಿ ಬಯಕಿ ಅಂತಲ್ಲೋ. ತಿನ್ನು. ಇಲ್ಲಂದ್ರ ಕಿವಿ ಸೋರ್ತಾವು."

ಅವನು ತಿಂದ.

ಮಾರ್ಗಶಿರದಲ್ಲಿ ಹೆಣ್ಣು ಹುಟ್ಟಿತು. ಕಿವಿ ಗಟ್ಟಿಮುಟ್ಟು. ಅಂದಿನಿಂದ ಸಮಾಧಾನ ಹದಿಮೂರನೆಯ ಮನೆ ಹುಡುಕುತ್ತಿದ್ದಾನೆ, ಈ ಸಲ ಬಾಯಿ ತೆರೆದೇ ಕೇಳುತ್ತೇನೆ ಎಂದು ನೀಲಮಳಿಗೆ ಮಾತು ಕೊಟ್ಟಿದ್ದಾನೆ. ನಾಳೆ ಅವನು ನಿಮ್ಮ ಬಾಗಿಲಿಗೂ ಬಂದಾನು. ನೀವು ತಿನ್ನಬೇಡಿ, ಯಾರೂ ನಿಮ್ಮ ವಾಟಿ ಕೇಳುತ್ತಿಲ್ಲ. ಅವನ ಓಣಿ ಯಾವುದು ಅಂತ ಕೇಳಬೇಡಿ. ಕೀಲಿ ಕೊಡಿ. ಮತ್ತೆ ಗೋಡೆಗೆ ಹಚ್ಚಿದ ಆ ಕಿವಿ ತೆಗೆದು, ಸೀಟಿ ಎಣಿಸುವುದನ್ನು ಇವತ್ತೇ ನಿಲ್ಲಿಸಿ.