ಚೊಗರಿನ ಕ್ಯಾನು, ಗೇರಿನ ಎಣ್ಣೆ

ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಿದೆ. ಅದಕ್ಕೆ ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಇಷ್ಟು ಹೇಳಿದರೆ ಸಾಕು, ಶಿರಸಿಯಲ್ಲಿ ಎಂಥ ಗಂಭೀರ ಮನುಷ್ಯನೂ ಒಂದು ಪೆದ್ದು ಪ್ರಶ್ನೆ ಕೇಳದೆ ಬಿಡುವುದಿಲ್ಲ. "ಹಂಗಾದ್ರೆ ಸ್ಟೇರಿಂಗೂ ತಾನೇ ತಿರುಗ್ತದಾ?" ಎಂದು ಒಬ್ಬರು ಕೇಳಿದರೆ, "ಯಲ್ಲಾಪುರ ಅಂತ ಹೇಳಿಬಿಟ್ರೆ ಅದೇ ಹೋಗ್ತದಾ?" ಎಂದು ಇನ್ನೊಬ್ಬರು. ಕಾರು ಮನೆಗೆ ಬಂದಂದಿನಿಂದ ಇಂಥವು ನಡೆಯುತ್ತಲೇ ಇವೆ. ಕಾರು ಹಳೆಯದಾದಷ್ಟೂ ಜಾಸ್ತಿಯಾಗಿವೆ.

ಕಾರು ನನ್ನದಲ್ಲ, ನನ್ನ ಹೆಂಡತಿಯದು. ಅವಳು ಹಿಂದೂಸ್ತಾನಿ ಗಾಯನ ಕಲಿಸುತ್ತಾಳೆ. ಮನೆಯಲ್ಲಿ ಪಾಠ ಇದ್ದೇ ಇದೆ, ಅದಲ್ಲದೆ ವಾರಕ್ಕೊಮ್ಮೆ ಯಲ್ಲಾಪುರ, ವಾರಕ್ಕೊಮ್ಮೆ ಸಿದ್ದಾಪುರ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅವಳ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಯಿತು. ಹಾಗಾಗಿ ಕ್ಲಚ್ ಇಲ್ಲದ ಕಾರು. ಊರಿನವರಿಗೆ ಅವಳು ಅಕ್ಕೋರು, ಅಂದರೆ ಟೀಚರು, ನಾನು ಅಕ್ಕೋರ ಯಜಮಾನರು. ಕೂದಲು ಬೆಳ್ಳಗಾಗುವ ತನಕ ಅಂಚೆ ಕಚೇರಿಯಲ್ಲಿ ದುಡಿದವನು ನಾನು. ನನಗೂ ಒಂದು ಹೆಸರಿದೆ ಎಂಬುದು ಈಗ ಪಿಂಚಣಿ ಕೊಡುವವರಿಗೆ ಮಾತ್ರ ಗೊತ್ತು.

ಎಡಗಾಲು

ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಹುಲೇಕಲ್ಲಿನವನು. ಜೀಪು ಓಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಅವನೇ ಹೇಳುತ್ತಾನೆ, ಅದು ನಿಜವೂ ಹೌದು. ಕಾರು ಬಂದ ಹೊಸತರಲ್ಲಿ ನೋಡಲು ಬಂದವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗೇರು ಹಾಕಲೆ ಇಲ್ದೇ ಹೋದ್ರೆ ಅದೆಂತಾ ಡ್ರೈವಿಂಗೇ ತಂಗಿ? ಕೀಲಿ ತಾ ಇಲ್ಲಿ" ಎಂದ.

ನಾನು ಮುಂದೆ, ಅವಳು ಹಿಂದೆ, ಅವಳ ಪಕ್ಕದಲ್ಲಿ ಹಾರ್ಮೋನಿಯಂ. ಪೇಟೆಯ ತನಕ ಎಲ್ಲ ಚೆನ್ನಾಗಿತ್ತು. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಭಾವನ ಎಡಗಾಲಿಗೆ ತನ್ನ ಹಳೆಯ ಕರ್ತವ್ಯ ನೆನಪಾಯಿತು. ಕ್ಲಚ್ ಎಂದುಕೊಂಡು ಜೀಪಿನ ಜೋರಿನಲ್ಲೇ ತುಳಿಯಿತು. ಅಲ್ಲಿದ್ದದ್ದು ಬ್ರೇಕು. ನನ್ನ ಹಣೆ ಗಾಜಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು, ಹಾರ್ಮೋನಿಯಂ ತಾನಾಗಿಯೇ ಒಂದು ಸ್ವರ ನುಡಿಯಿತು, ಹಿಂದಿನ ರಿಕ್ಷಾದವನು ಇನ್ನೇನನ್ನೋ ನುಡಿದ.

"ಅಣ್ಣಯ್ಯ, ಎಡಗಾಲು ಮಡಚಿ ಕೂತ್ಗ. ಪಂಕ್ತಿಲಿ ಊಟಕ್ಕೆ ಕೂತಂಗೆ" ಎಂದಳು ಹಿಂದಿನಿಂದ. ಭಾವ ಹಾಗೆಯೇ ಕೂತು ಮನೆಯ ತನಕ ಓಡಿಸಿದ. ದಾರಿಯಲ್ಲಿ ನಮಸ್ಕಾರ ಮಾಡಿದವರಿಗೆಲ್ಲ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದುಕೊಂಡು ತಲೆ ಮಾತ್ರ ಆಡಿಸಿದ.

ಇಳಿದವನೇ, "ಇದು ಎರಡು ಕಾಲು ಇದ್ದವ್ರಿಗೆ ಹೇಳಿ ಮಾಡ್ಸಿದ ಗಾಡಿ ಅಲ್ಲ" ಎಂದು ತೀರ್ಪು ಕೊಟ್ಟ. ಅವಳು ನಗುತ್ತಲೇ ಹೇಳಿದಳು: "ಹೌದು ಮತ್ತೆ. ಬಲಗಾಲಿನ ಕೆಲಸದಲ್ಲಿ ನನ್ನ ಎಡಗಾಲು ಬಾಯಿ ಹಾಕ್ತಿಲ್ಲೆ."

ಯಾರ ಲೈಫು?

ಹೋದ ವರ್ಷ ಯಲ್ಲಾಪುರದಿಂದ ಬರುವಾಗ ಒಂದು ಏರಿನಲ್ಲಿ ಅವಳು ತಟಕ್ಕನೆ ಹಾಡು ಗುನುಗುವುದನ್ನು ನಿಲ್ಲಿಸಿದಳು.

"ಕೇಳ್ಚಾ?"

"ಎಂತದು?"

"ಗೇರು. ಎರಡರಿಂದ ಮೂರಕ್ಕೆ ಹೋಪಕಾರೆ ಮೀಂಡ್ ಹೋಗಿ ಖಟ್ಕಾ ಆಯ್ದು."

ಮೀಂಡ್ ಎಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಜಾರಿ ಹೋಗುವುದು. ಖಟ್ಕಾ ಎಂದರೆ ಕೊಕ್ಕಿನಿಂದ ಕುಕ್ಕಿದ ಹಾಗೆ ಹೋಗುವುದು. ಇಷ್ಟು ನನಗೂ ಗೊತ್ತು, ಆದರೆ ನನ್ನ ಕಿವಿಗೆ ಕೇಳಿದ್ದು ಲಾರಿಯ ಹಾರನ್ನು ಮಾತ್ರ. ಮರುವಾರದ ಹೊತ್ತಿಗೆ ಕುಕ್ಕು ನನ್ನ ಸೊಂಟಕ್ಕೂ ಗೊತ್ತಾಗತೊಡಗಿತು. ಆಮೇಲೆ ಅವಳು ಕಾರಿನಲ್ಲಿ ಗುನುಗುವುದನ್ನೇ ಬಿಟ್ಟಳು. ಬಸ್ಸಿನ ಮೆಟ್ಟಿಲು ಅವಳ ಕಾಲಿಗೆ ಎತ್ತರ, ಅಷ್ಟು ದೂರ ಸ್ಕೂಟರಿನ ಹಿಂದೆ ಅವಳಿಗೆ ಕೂರಲಾಗದು, ನನಗೆ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ. ಒಂದು ದಿನ ಕೀಲಿಯನ್ನು ಗೂಟಕ್ಕೆ ಹಾಕುತ್ತ, "ಇದು ನಿಂತ್ರೆ ಆನೂ ನಿಂತಂಗೇಯ" ಎಂದಳು. ಅವಳು ಕಲಿಸಲು ಹೋಗದೆ ಮನೆಯಲ್ಲಿ ಕೂತಿರುವ ಚಿತ್ರ ನನಗೆ ಬೇಡವಾಗಿತ್ತು.

ಹುಬ್ಬಳ್ಳಿಯ ಒಂದು ಶೋರೂಮಿಗೆ ಅವಳೇ ಫೋನ್ ಮಾಡಿದಳು. ಗೇರ್‌ಬಾಕ್ಸಿನ ಎಣ್ಣೆ ಬದಲಿಸಬೇಕಾ ಎಂದು ಕೇಳಿದಳು.

"ಏ, ಅದನ್ನ ಬದಲಿ ಮಾಡಂಗೇ ಇಲ್ರಿ ಮೇಡಂ. ಲೈಫ್‌ಟೈಮ್ ಆಯಿಲ್ ಐತ್ರಿ ಅದು."

"ಯಾರ ಲೈಫು? ಗಾಡೀದಾ, ನನ್ನದಾ?"

ಆ ಕಡೆ ಕೀಬೋರ್ಡಿನ ಸದ್ದು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಆತ ಬಹಳ ಮರ್ಯಾದೆಯಿಂದ ಹೇಳಿದ: "ವಾರಂಟೀದು ರೀ ಮೇಡಂ."

ಯಾವ ರಾಗ?

ಎಣ್ಣೆ ಬದಲಿಸುವುದೆಂದು ತೀರ್ಮಾನವಾಯಿತು. ಆದರೆ ಯಾವ ಎಣ್ಣೆ? ಪೇಟೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದೆವು. ಅಂಗಡಿಯವರು ಕೆಂಪು ಎಣ್ಣೆಯ ಒಂದು ಕ್ಯಾನನ್ನು ಮೇಜಿನ ಮೇಲೆ ಕುಕ್ಕಿ, "ತಗೊಳ್ಳಿ ಅಕ್ಕೋರೆ. ಇದು ಎಲ್ಲಾ ಗಾಡಿಗೂ ಆಗ್ತದೆ" ಎಂದರು.

ಅವಳು ಕ್ಯಾನನ್ನು ಮುಟ್ಟಲಿಲ್ಲ. "ಎಲ್ಲಾ ರಾಗಕ್ಕೂ ಆಗೋ ತಾನ್ ಅಂತ ಒಂದು ಇದ್ರೆ ಅದು ಯಾವ ರಾಗದ್ದೂ ಅಲ್ಲ" ಎಂದಳು.

ಅಂಗಡಿಯವರು ನನ್ನ ಮುಖ ನೋಡಿದರು. ಅಕ್ಕೋರ ಯಜಮಾನ ಎನ್ನಿಸಿಕೊಂಡವನಿಗೆ ಇಂಥ ಹೊತ್ತಿನಲ್ಲಿ ಬೇರೆ ಕಡೆ ನೋಡುವುದು ಅಭ್ಯಾಸವಾಗಿರುತ್ತದೆ. ನಾನು ಗೋಡೆಯ ಮೇಲಿನ ಟಯರುಗಳನ್ನು ನೋಡಿದೆ.

ಅವಳು ಹೊರಗೆ ಹೋಗಿ ಕಾರಿನ ಬಾನೆಟ್ ತೆಗೆಸಿದಳು. ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯ ಹಿಡಿಯನ್ನು ಸೆರಗಿನಿಂದ ಒರೆಸಿದಳು. ಅಲ್ಲಿ ಯಾವ ಜಾತಿಯ ಎಣ್ಣೆ ಹಾಕಬೇಕೆಂದು ಸಣ್ಣಗೆ ಕೊರೆದಿತ್ತು. ಇಷ್ಟು ವರ್ಷ ಆ ಕಡ್ಡಿಯನ್ನು ನೋಡಿದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ, ನನಗಂತೂ ಅಂಥ ಕಡ್ಡಿಯೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಅಂಗಡಿಯವರು ಕನ್ನಡಕ ಏರಿಸಿ ಓದಿ, "ಹೌದು, ಇದೇ ಬೇರೆ. ಹುಬ್ಬಳ್ಳಿಯಿಂದ ತರಿಸ್ತೆ" ಎಂದು ಒಪ್ಪಿಕೊಂಡರು.

ಈಗ ಆ ಅಂಗಡಿಗೆ ಯಾರಾದರೂ ಹೋಗಿ "ಯಾವುದಾದ್ರೂ ಒಂದು ಆಯಿಲ್ ಕೊಡಿ" ಎಂದರೆ ಅವರು ಕೂತಲ್ಲಿಂದಲೇ ಕೇಳುತ್ತಾರಂತೆ: "ಯಾವ ರಾಗ?"

ಅಡಿಕೆ ಒಂದು ಬಾಕಿ

ಯಲ್ಲಾಪುರ ರಸ್ತೆಯ ಬದಿಯಲ್ಲಿ ಒಬ್ಬ ಸಾಬರ ಗ್ಯಾರೇಜಿದೆ. ಮೊದಲು ಯಲ್ಲಾಪುರದಲ್ಲಿ ಲಾರಿಗಳನ್ನು ರಿಪೇರಿ ಮಾಡಿಕೊಂಡಿದ್ದವರು. ಹೆಂಡತಿ ಗೇರು ಕುಕ್ಕುವುದನ್ನು ಬಾಯಲ್ಲೇ ಹಾಡಿ ತೋರಿಸಿದಳು. ಮೊದಲು ಸರಿಯಾದದ್ದು, ಆಮೇಲೆ ಈಗಿನದು. ಸಾಬರು ಕಣ್ಣು ಮುಚ್ಚಿ ಕೇಳಿ, "ಇನ್ನೊಂದ್ಸಲ ಅಕ್ಕೋರೆ" ಎಂದರು. ಎರಡನೆಯ ಸಲ ಕೇಳಿದ್ದು ರೋಗ ತಿಳಿಯಲೋ ಹಾಡು ಚೆನ್ನಾಗಿತ್ತೆಂದೋ ನನಗೆ ಇನ್ನೂ ಗೊತ್ತಾಗಿಲ್ಲ.

ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಎಣ್ಣೆ ಕಪ್ಪಾಗಿತ್ತು, ಸೀದ ವಾಸನೆ. ಜೊತೆಗೆ ಬಂದಿದ್ದ ಭಾವ, "ಪೂರಾ ತೆಗೆದು ಹೊಸಾದು ಹಾಕಿ. ಅರ್ಧಂಬರ್ಧ ಕೆಲಸ ಬೇಡ" ಎಂದ.

ಸಾಬರು ತಲೆ ಕೆರೆದುಕೊಂಡರು. "ಹಳೇ ಗೇರ್‌ಬಾಕ್ಸು. ಎಣ್ಣೆ ತೆಗೀದಿದ್ರೆ ಹಾಳಾಗ್ತದೆ. ಒಂದೇ ಸಲ ಪೂರಾ ತೆಗೆದ್ರೆ ಒಳಗೆ ಹಿಡ್ಕೊಂಡಿದ್ದೆಲ್ಲ ಬಿಟ್ಟು ಗೇರು ಜಾರೋಕೆ ಶುರು ಆಗ್ಬಹುದು. ನೀವೇ ಹೇಳಿ ಅಕ್ಕೋರೆ."

ಅವಳು ಅಣ್ಣನ ಕಡೆ ತಿರುಗಿ, "ಅಣ್ಣಯ್ಯ, ಹೊಸ ಅಡಿಕೆ ಬೇಯ್ಸಕಾರೆ ಹಳೇ ಚೊಗರು ಪೂರಾ ಚೆಲ್ತ್ಯಾ?" ಎಂದು ಕೇಳಿದಳು.

ಚೊಗರು ಎಂದರೆ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ. ಅದನ್ನು ಜೋಪಾನವಾಗಿ ಎತ್ತಿಟ್ಟು ಮರುವರ್ಷದ ಹಂಡೆಗೆ ಬೆರೆಸುತ್ತಾರೆ. ಹಾಗೆ ಮಾಡಿದರೇ ಅಡಿಕೆಗೆ ಬಣ್ಣ. ಭಾವ, "ಚೊಗರು ಚೆಲ್ಲದಾ? ಎಂತಾ ಮಾತು ಆಡ್ತೆ" ಎಂದು ಸಿಟ್ಟೇ ಆದ.

"ಇಲ್ಲೂ ಹಂಗೇಯ. ಅರ್ಧ ತೆಗೆದು ಹೊಸಾದು ಬೆರೆಸದು. ಸ್ವಲ್ಪ ದಿನ ಓಡ್ಸಿ ಮತ್ತೆ ಅರ್ಧ."

ಸಾಬರ ಮುಖ ಅರಳಿತು. "ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ ಅಕ್ಕೋರೆ. ತಳದ ಬಿರಡೆ ತೆಗೆದ್ರೆ ಹೆಂಗೂ ಅರ್ಧನೇ ಬರೋದು" ಎಂದರು. ಭಾವ ಬಗ್ಗಿ ಗೇರ್‌ಬಾಕ್ಸನ್ನು ಮೊದಲ ಸಲ ಗೌರವದಿಂದ ನೋಡಿದ.

"ಹಂಗಾರೆ ಎಲ್ಲಾ ಸರಿ ಇದ್ದು. ಅಡಿಕೆ ಒಂದು ಬಾಕಿ" ಎಂದ.

ಎರಡು ಕ್ಯಾನು

ಹುಬ್ಬಳ್ಳಿಯಿಂದ ಎಣ್ಣೆ ಬಸ್ಸಿನಲ್ಲಿ ಬಂತು. ದಾರಿಯಲ್ಲಿ ಡಬ್ಬಿಗಳ ಮುಚ್ಚಳ ಒಡೆದು ಸೋರುತ್ತಿತ್ತೆಂದು ಅಂಗಡಿಯವರು ಅದನ್ನೆಲ್ಲ ಒಂದು ಶುಭ್ರವಾದ ಬಿಳಿ ಕ್ಯಾನಿಗೆ ಸುರಿದು ಕೊಟ್ಟರು. ಅದೇ ಹೊತ್ತಿಗೆ ಅಡಿಕೆ ಬೇಯಿಸುವ ಕಾಲ. ಭಾವನ ಮನೆಯಲ್ಲಿ ಎತ್ತಿಟ್ಟ ಚೊಗರು ಆ ವರ್ಷ ಹಾಳಾಗಿತ್ತು. ಸಿದ್ದಾಪುರದ ಶಿಷ್ಯೆಯೊಬ್ಬಳ ತಾಯಿ, "ನಮ್ಮಲ್ಲಿ ಬೇಕಾದಷ್ಟಿದ್ದು, ಅಣ್ಣಂಗೆ ಕೊಡಿ" ಎಂದು ಒಂದು ಕ್ಯಾನು ಚೊಗರು ಕೊಟ್ಟು ಕಳಿಸಿದ್ದರು. ಅದನ್ನು ತುಂಬಿಸಿದ್ದು ತೊಳೆದಿಟ್ಟ ಇಂಜಿನ್ ಎಣ್ಣೆಯ ಕ್ಯಾನಿಗೆ. ನಮ್ಮ ಕಡೆ ಕ್ಯಾನಿನ ಮೇಲೆ ಏನು ಬರೆದಿರುತ್ತದೋ ಅದೊಂದು ಬಿಟ್ಟು ಒಳಗೆ ಬೇರೆ ಏನು ಬೇಕಾದರೂ ಇರುತ್ತದೆ.

ಎರಡೂ ಜಗುಲಿಯ ಮೇಲೆ ಅಕ್ಕಪಕ್ಕದಲ್ಲಿ ಕೂತಿದ್ದವು. ಎರಡನ್ನೂ ಕಾರಿನಲ್ಲಿ ತಂದವಳು ಅವಳು, ಯಾವುದರಲ್ಲಿ ಏನಿದೆ ಎಂದು ನಾನು ಕೇಳಿರಲಿಲ್ಲ. ಬೆಳಿಗ್ಗೆ ಭಾವ ಬಂದ. ನಾವು ಒಳಗೆ ದೋಸೆ ತಿನ್ನುತ್ತಿರುವಾಗಲೇ, "ತಂಗಿ, ಕ್ಯಾನು ತಗಂಡೆ" ಎಂದು ಕೂಗಿ ಜೀಪು ಹತ್ತಿದ. ಮೈಮೇಲೆ ಎಣ್ಣೆಯ ಚೀಟಿ ಇಲ್ಲದ ಬಿಳಿ ಕ್ಯಾನನ್ನೇ ತೆಗೆದುಕೊಂಡು ಹೋಗಿದ್ದ, ಪಾಪ. ಎಣ್ಣೆಯ ಚೀಟಿ ಇದ್ದದ್ದನ್ನು ನಾನು ಕಾರಿಗೆ ಹಾಕಿಕೊಂಡೆ. ಇಬ್ಬರೂ ಬುದ್ಧಿ ಉಪಯೋಗಿಸಿಯೇ ತೆಗೆದುಕೊಂಡಿದ್ದೆವು.

ಅಂದು ಸಂಜೆ ಸಿದ್ದಾಪುರದಲ್ಲಿ ಅವಳ ಮೂವರು ಶಿಷ್ಯೆಯರ ಮೊದಲ ಕಚೇರಿ. ಅವಳೇ ಹಾರ್ಮೋನಿಯಂ ಸಾಥಿ. ಮಧ್ಯಾಹ್ನದೊಳಗೆ ಕಾರು ಸಿಗಬೇಕಿತ್ತು. ಸಾಬರು ತಳದ ಬಿರಡೆ ತೆಗೆದು ಕಪ್ಪು ಎಣ್ಣೆಯನ್ನು ಬೋಗುಣಿಗೆ ಇಳಿಸಿದರು. ಬಿರಡೆ ಬಿಗಿದು ಮೇಲೆ ಕೊಳವೆ ಸಿಕ್ಕಿಸಿ, ನಮ್ಮ ಕ್ಯಾನನ್ನು ಎತ್ತಿ ಒಮ್ಮೆ ಕುಲುಕಿದರು.

"ಸಾಬ್ರೆ, ತಡೀರಿ" ಎಂದಳು ಕುರ್ಚಿಯಲ್ಲಿ ಕೂತಿದ್ದ ಹೆಂಡತಿ. "ಅದು ಎಣ್ಣೆ ಅಲ್ಲ. ಎಣ್ಣೆ ಅಷ್ಟು ಮಾತಾಡೋದಿಲ್ಲ."

ಸಾಬರು ಮುಚ್ಚಳ ತೆಗೆದು ಮೂಸಿದರು. ಒಂದು ಹನಿಯನ್ನು ಬೆರಳಿಗೆ ಹಚ್ಚಿಕೊಂಡರು. ಬೆರಳು ಬೆರಳಿಗೆ ಅಂಟಿಕೊಂಡಿತು. "ಯಾ ಅಲ್ಲಾ, ಚೊಗರು" ಎಂದು ಕ್ಯಾನನ್ನು ಮಗುವನ್ನು ಇಳಿಸುವ ಹಾಗೆ ಮೆಲ್ಲಗೆ ಕೆಳಗಿಟ್ಟರು. "ಇದು ಒಳಗೆ ಹೋಗಿದ್ರೆ ಗೇರು ಬೀಳ್ತಿರಲಿಲ್ಲ ಅಕ್ಕೋರೆ. ಬಣ್ಣ ಮಾತ್ರ ಚಲೋ ಕಟ್ತಿತ್ತು."

ನನಗೆ ನಗು ಬರಲಿಲ್ಲ. ಚೊಗರು ಇಲ್ಲಿದ್ದರೆ ಎಣ್ಣೆ ಹುಲೇಕಲ್ಲಿನಲ್ಲಿ, ಕುದಿಯುವ ಹಂಡೆಯ ಪಕ್ಕದಲ್ಲಿ. ಇಲ್ಲಿ ಕಾರು, ಅಲ್ಲಿ ಒಂದು ಹಂಡೆ ಅಡಿಕೆ, ಎರಡೂ ಹೋದವು ಎಂದುಕೊಂಡೆ. ಅವಳು ಭಾವನ ಹೆಂಡತಿಗೆ, ಅಂದರೆ ತನ್ನ ಅತ್ತಿಗೆಗೆ, ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಅತ್ಗೆ, ಅಣ್ಣಯ್ಯ ತಂದ ಕ್ಯಾನು ಹಂಡೆಗೆ ಹಾಕಾತಾ?"

"ಇಲ್ಲೆ ತಂಗಿ" ಎಂದರು ಅತ್ತಿಗೆ, ಸಾವಕಾಶವಾಗಿ. "ಬೆರಳು ಅದ್ದಿ ನೋಡಿದಿ. ಚೊಗರು ಹೇಳಿರೆ ಕೈಗೆ ಅಂಟ್ತು. ಇದು ಜಾರ್ತು. ಸಿದ್ದಾಪುರದವ್ರ ಚೊಗರು ಹಿಂಗೇ ಇರ್ತನ ಹೇಳಿ ಬದಿಗೆ ಇಟ್ಟಿದ್ದಿ."

ಸಾಬರು ಅಲ್ಲೇ ಟಯರಿನ ಮೇಲೆ ಕೂತುಬಿಟ್ಟರು. ನನಗೆ ಅತ್ತಿಗೆಯ ಕಾಲಿಗೆ ಬೀಳಬೇಕೆನ್ನಿಸಿತು. ಗೇರ್‌ಬಾಕ್ಸನ್ನು ಒಬ್ಬಳ ಕಿವಿ ಉಳಿಸಿತು, ಅಡಿಕೆಯನ್ನು ಇನ್ನೊಬ್ಬಳ ಬೆರಳು ಉಳಿಸಿತು. ಕಣ್ಣಿದ್ದ ಗಂಡಸರಿಬ್ಬರು ಚೀಟಿ ನೋಡಿಕೊಂಡು ಹೋಗಿದ್ದೆವು.

ಭಾವ ಜೀಪಿನಲ್ಲಿ ಎಣ್ಣೆ ತಂದು ಚೊಗರು ಒಯ್ದ. ಈ ಸಲ ಎರಡರ ಮುಚ್ಚಳವನ್ನೂ ತೆಗೆದು, ಬೆರಳು ಅದ್ದಿ, ಕಿವಿಯ ಹತ್ತಿರ ಕುಲುಕಿ, ಆಮೇಲೇ ಹೋದ. ಸಾಬರು ಎಣ್ಣೆ ಹಾಕಿ, ಇಂಜಿನ್ ಬಿಸಿ ಮಾಡಿ, ಕಡ್ಡಿ ಎಳೆದು ಅಳತೆ ನೋಡಿ, "ಹೋಗಿ ಬನ್ನಿ ಅಕ್ಕೋರೆ" ಎಂದರು. ಸಿದ್ದಾಪುರದ ದಾರಿಯ ಮೊದಲ ಏರಿನಲ್ಲಿ ನಾನು ಉಸಿರು ಬಿಗಿಹಿಡಿದು ಕೂತೆ. ಎರಡರಿಂದ ಮೂರಕ್ಕೆ ಯಾವಾಗ ಹೋಯಿತೋ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಪಕ್ಕದಲ್ಲಿ ಅವಳು ಗುನುಗಲು ಶುರು ಮಾಡಿದ್ದಳು. ಅಷ್ಟು ದಿನ ಆ ದನಿಯಿಲ್ಲದ ಕಾರಿನಲ್ಲಿ ಕೂತಿದ್ದವನಿಗೆ ಕಣ್ಣು ಒದ್ದೆಯಾಯಿತು, ನಾನು ಕಿಟಕಿಯ ಕಡೆ ತಿರುಗಿದೆ.

ಹುಡುಗಿಯರು ಚೆನ್ನಾಗಿ ಹಾಡಿದರು. ಮರುದಿನ ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು.

"ತಂಗಿ, ಗಾಡಿ ಹೆಂಗಿದ್ದು?"

"ಮೀಂಡ್ ಬಂತು ಅತ್ಗೆ."

"ಇಲ್ಲೂ ಬಂತು" ಎಂದರು ಅತ್ತಿಗೆ. "ಆ ಎಣ್ಣೆ ಒಂದು ಚಮಚ ತೆಗೆದು ಎದುರು ಬಾಗಿಲಿನ ಬಿಜಾಗರಿಗೆ ಬಿಟ್ಟಿದ್ದಿ. ಕಿರಗುಡದು ನಿಂತೇ ಹೋತು. ನಿನ್ನ ಅಣ್ಣ ಒಳಗೆ ಬಂದಿದ್ದೂ ಗೊತ್ತಾಗ್ತಿಲ್ಲೆ. ಹಿತ್ಲ ಬಾಗಿಲಿಗೂ ಒಂದು ಚೂರು ಕಳ್ಸು. ಮತ್ತೆ, ಒಂದು ಕೇಳ್ಬೇಕು ಹೇಳಿ ಇತ್ತು..."

"ಎಂತದು ಅತ್ಗೆ?"

"ಅದು ಭಾಳ ಹಳೇ ಬಾಗಿಲು. ಮೊದ್ಲಿನ ಎಣ್ಣೆ ಪೂರಾ ಒರೆಸಿ ಹಾಕವಾ, ಅರ್ಧ ಇಟ್ಗಂಡು ಹಾಕವಾ?"