ಕುಕ್ಕರಿಗೆ ಹಾಕಿದ ಬೋಲ್ಟು

ಏನೂ ತಿಳಿಯದವನು ಸಾಮಾನು ಹಾಳುಮಾಡುವುದು ಕಡಿಮೆ. ಅವನು ಹೆದರಿ ದೂರ ನಿಲ್ಲುತ್ತಾನೆ. ಗಂಡಾಂತರ ಬರುವುದು ಅರ್ಧ ತಿಳಿದವನಿಂದ. ಇದನ್ನು ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ಆ ಅರ್ಧ ತಿಳಿದವನು ನಾನೇ ಆದ್ದರಿಂದ. ಮಗ್ಗೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸವಾದರೂ, ಔಷಧಿ ಹೊಡೆಯುವ ಸ್ಪ್ರೇಯರ್ ಕೆಟ್ಟರೆ ಬಿಚ್ಚಿ, ವಾಷರ್ ಬದಲಿಸಿ, ಮತ್ತೆ ಜೋಡಿಸುವವನೂ ನಾನೇ. ಜೋಡಿಸಿದ ಮೇಲೆ ಒಂದೆರಡು ತುಂಡು ಉಳಿದುಕೊಳ್ಳುವುದುಂಟು. ಆದರೂ ಪ್ರೆಷರ್ ಎಂಬ ಪದ ಕಿವಿಗೆ ಬಿದ್ದರೆ ಅದು ನನ್ನ ಇಲಾಖೆ ಎಂದೇ ನಾನು ತಿಳಿದಿದ್ದೆ.

ತೊಂಬತ್ತರ ದಶಕದ ಮಾತು. ನಮ್ಮ ಮನೆಗೆ ಗ್ಯಾಸ್ ಒಲೆ ಬಂದ ವರ್ಷ ಹೆಂಡತಿ ಸರೋಜ ಕುಕ್ಕರ್ ಬೇಕೆಂದಳು. ಇಬ್ಬರೂ ಸಕಲೇಶಪುರದ ಪಾತ್ರೆ ಅಂಗಡಿಗೆ ಹೋದೆವು. "ಮನೇಲಿ ಎಷ್ಟು ಜನ ರೈಟ್ರೇ?" ಎಂದರು ಅಂಗಡಿಯವರು. ನಾನು, ಸರೋಜ, ನಮ್ಮವ್ವ, ಮೂರೇ ಜನ. ನಾನು ಹತ್ತು ಲೀಟರಿನದಕ್ಕೆ ಕೈ ಹಾಕಿದೆ. ಸರೋಜ, "ತೋಟದ ಲೈನ್‌ಮನೆ ಆಳ್ಗಳ್ಗೆಲ್ಲ ನಾನೇ ಬೇಯ್ಸಿ ಹಾಕ್ಬೇಕೇನ್ರೀ?" ಎಂದು ಐದು ಲೀಟರಿನದನ್ನು ಎತ್ತಿಕೊಂಡಳು. ತಳಕ್ಕೆ ನೀರು ಹಾಕದೆ ಒಲೆ ಮೇಲಿಡಬೇಡಿ, ಬಾಯಿತನಕ ತುಂಬಬೇಡಿ, ಹಬೆ ಬರುವ ತೂತು ಕಟ್ಟಿದೆಯೇ ನೋಡಿಕೊಳ್ಳಿ, ಪ್ರೆಷರ್ ಇಳಿಯದೆ ಮುಚ್ಚಳ ತೆಗೆಯಬೇಡಿ, ಸೇಫ್ಟಿ ವಾಲ್ವ್ ಹೋದರೆ ಅದೇ ಕಂಪನಿಯದನ್ನು ಹಾಕಿಸಿ ಎಂದು ಅಂಗಡಿಯವರು ಒಂದೊಂದಾಗಿ ಹೇಳಿದರು. ಸರೋಜ ಕಿವಿಗೊಟ್ಟು ಕೇಳಿದಳು. ನಾನು ಅಷ್ಟು ಹೊತ್ತೂ ಅವರ ಅಂಗಡಿಯ ಫ್ಯಾನ್ ಯಾಕೆ ಸದ್ದು ಮಾಡುತ್ತಿದೆ ಎಂದು ಪರೀಕ್ಷಿಸುತ್ತಿದ್ದೆ.

ಅವ್ವ ಮಾತ್ರ ಕುಕ್ಕರಿನ ಅನ್ನ ಮುಟ್ಟಲಿಲ್ಲ. "ಬಾಯ್ ಕಟ್ಟಿ ಬೇಯ್ಸಿದ್ದು ಹೊಟ್ಟೆ ಒಳಗೆ ಸುಮ್ಕಿರ್ತದೇನ್ಲಾ?" ಎಂದು ಕೇಳುತ್ತಿದ್ದಳು. ಸರೋಜ ಮೂರು ದಿನಕ್ಕೆಂದು ತವರುಮನೆ ಆನೇಮಹಲ್‌ಗೆ ಹೋದಾಗ, ಅವ್ವನ ಭಯ ಬಿಡಿಸಿಯೇ ಬಿಡುತ್ತೇನೆಂದು ನಾನು ಅಡುಗೆಮನೆಗೆ ನುಗ್ಗಿದೆ. ಪಾತ್ರೆಗೆ ಅಕ್ಕಿ ಹಾಕಿ ಕುಕ್ಕರಿನೊಳಗೆ ಇಟ್ಟೆ, ಮುಚ್ಚಳ ಬಿಗಿದೆ, ಒಲೆ ಹಚ್ಚಿದೆ, ಹಬೆಯ ಶಕ್ತಿಯ ಬಗ್ಗೆ ಅವ್ವನಿಗೆ ಉಪನ್ಯಾಸವನ್ನೂ ಶುರುಮಾಡಿದೆ. ತಳಕ್ಕೆ ನೀರು ಹಾಕುವುದೊಂದು ಮರೆತಿತ್ತು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಹಿಂದೆಯೇ ಸೇಫ್ಟಿ ವಾಲ್ವ್ ಕರಗಿ ಬುಸ್ಸೆಂದಿತು. ನಾನು ತಿರುಗಿ ನೋಡುವಷ್ಟರಲ್ಲಿ ಅವ್ವ ಹಿತ್ತಿಲಿನ ಕೋಳಿಗೂಡಿನ ಹತ್ತಿರ ಇದ್ದಳು.

ಹೊಸ ವಾಲ್ವ್ ತರಲು ಹೋದರೆ ಅಂಗಡಿಯವರ ಮುಂದೆ ತಲೆ ತಗ್ಗಿಸಬೇಕು. ಅವರು ಸರೋಜಳಿಗೂ ಹೇಳುತ್ತಾರೆ. ಎಸ್ಟೇಟಿನ ಸ್ಟೋರಿನಲ್ಲಿದ್ದ ಸ್ಪ್ರೇಯರಿನ ಹಿತ್ತಾಳೆ ಬೋಲ್ಟು ಬಿಚ್ಚಿ ತಂದು, ವಾಷರ್ ಕೊಟ್ಟು, ಸ್ಪ್ಯಾನರಿನಲ್ಲಿ ಬಿಗಿದೆ. "ಇನ್ನು ಜನ್ಮದಲ್ಲಿ ಹೋಗಾಕಿಲ್ಲ ಕಣವ್ವ" ಎಂದೆ. ಅವ್ವ ಅದನ್ನು ನೋಡಿ, "ಹೋಗ್ಲಿ ಅಂತ ಮಡಗಿರೋದ್ನ ಹೋಗ್ದಂಗೆ ಮಾಡ್ಬುಟ್ಯಲ್ಲೋ" ಎಂದಳು. ಓದು ಬರದವಳು, ಏನು ಗೊತ್ತು ಎಂದುಕೊಂಡೆ. ಮಾರನೆಯ ದಿನ ಹಾಜರಿ ಬರೆಯುತ್ತಿದ್ದಾಗ ಆ ಮಾತು ತಲೆಗೆ ಹತ್ತಿ, ಕೈಯಲ್ಲಿದ್ದ ಪೆನ್ನು ನಿಂತಿತು. ಹಬೆ ಮಿತಿಮೀರಿದರೆ ಇನ್ನು ಹಾರುವುದು ವಾಲ್ವ್ ಅಲ್ಲ, ಇಡೀ ಕುಕ್ಕರ್. ಮನೆಗೆ ಓಡಿದರೆ ಸರೋಜ ಆಗಲೇ ವಾಪಸು ಬಂದಿದ್ದಳು. ಹೇಳಬೇಕೆಂದು ಬಾಯಿ ತೆರೆದೆ, ಕಾಫಿ ಕೇಳಿದೆ. ಅದೃಷ್ಟಕ್ಕೆ ಎರಡು ದಿನ ಅವಳು ಪಾತ್ರೆಯಲ್ಲೇ ಅನ್ನ ಮಾಡಿದಳು. ಯಾಕೆಂದು ನಾನು ಕೇಳಲಿಲ್ಲ.

ಭಾನುವಾರ ಪೇಪರ್ ಓದುತ್ತಾ ಕೂತಿದ್ದೆ. ಒಳಗೆ ಕುಕ್ಕರ್ ಒಂದು ಕೂಗು ಹಾಕಿತು. ಹಿತ್ತಾಳೆ ಬೋಲ್ಟು ಗಟ್ಟಿಯಾಗಿದೆ ಎಂದು ಸಮಾಧಾನ ಮಾಡಿಕೊಂಡೆ. ಎರಡನೆಯ ಕೂಗಿಗೆ, ಗಟ್ಟಿಯಾಗಿರುವುದೇ ತೊಂದರೆ ಎಂದು ನೆನಪಾಯಿತು. ಸರೋಜ ಒಲೆಯ ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಇವಳನ್ನು ಅಲ್ಲಿ ನಿಲ್ಲಿಸಿದ್ದೇನಲ್ಲ ಎನಿಸಿತು. ಮೂರನೆಯ ಕೂಗಿಗೆ ಎದ್ದು ಓಡಿ, ಗ್ಯಾಸ್ ಆರಿಸಿ, ಅವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದು, ನೀರು ಮರೆತದ್ದರಿಂದ ಬೋಲ್ಟಿನವರೆಗೆ ಎಲ್ಲ ಒದರಿಬಿಟ್ಟೆ.

ಅವಳು ಸಾವಧಾನವಾಗಿ ಕೈ ಬಿಡಿಸಿಕೊಂಡು, "ಹೋಗಿ ಮುಚ್ಚಳ ನೋಡಿ" ಎಂದಳು. ಹೊಸ ವಾಲ್ವ್ ಹೊಳೆಯುತ್ತಿತ್ತು. ಬಂದ ದಿನವೇ ಅವ್ವ ಹೇಳಿದ್ದಳಂತೆ. ಮಾರನೆಯ ದಿನ ನಾನು ತೋಟದಲ್ಲಿದ್ದಾಗ ಇವಳು ಮುಚ್ಚಳವನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದ್ದಳು. "ಒಂದೇ ಕೂಗಿಗೆ ಬಾಯ್ಬಿಡ್ತೀರಿ ಅಂದ್ಕಂಡಿದ್ದೆ. ಮೂರು ಆಗ್ಬೇಕಾಯ್ತು" ಎಂದಳು. ಅವ್ವ ಬಾಗಿಲಲ್ಲಿ ಕೂತು, "ನಾನು ಐದು ಅಂದಿದ್ದೆ ಕಣವ್ವ" ಎಂದಳು. ಅವತ್ತು ಅವ್ವ ಕುಕ್ಕರಿನ ಅನ್ನವನ್ನೇ ಎರಡು ಸಲ ಬಡಿಸಿಕೊಂಡಳು. ಭಯ ಹೋಯಿತಾ ಎಂದು ಕೇಳಿದ್ದಕ್ಕೆ, "ನಂಗೆ ಭಯ ಇದ್ದಿದ್ದು ಕುಕ್ಕರ್ ಕಂಡಲ್ಲ" ಎಂದು ನನ್ನ ಕಡೆ ನೋಡಿದಳು.

ಆ ಬೋಲ್ಟು ಈಗಲೂ ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ದಾರ ಕಟ್ಟಿಸಿಕೊಂಡು ನೇತಾಡುತ್ತಿದೆ. ನಾನು ಯಾವುದಕ್ಕಾದರೂ ಸಲಹೆ ಕೊಡಲು ಹೊರಟರೆ ಅತ್ತೆ ಸೊಸೆ ಇಬ್ಬರೂ ಅದರ ಕಡೆ ಕಣ್ಣು ಹಾಯಿಸುತ್ತಾರೆ. ಎಸ್ಟೇಟಿನ ಸ್ಪ್ರೇಯರ್ ಅವತ್ತಿನಿಂದ ಸೋರುತ್ತಿದೆ. ಯಾಕೆ ರೈಟ್ರೇ ಎಂದು ಸಾಹುಕಾರರು ಕೇಳಿದಾಗಲೆಲ್ಲ ನಾನು ಪ್ರೆಷರ್ ಬಗ್ಗೆ ಅವರಿಗೆ ವಿವರವಾಗಿ ತಿಳಿಸುತ್ತೇನೆ.