ಪಿಯುಸಿ ಪೈಲಟ್ ಮತ್ತು ಎರಡು ಎಂ.ಎ. ಸೋದರಮಾವ

ನಮ್ಮ ಅಕ್ಕನ ಮಗಳು ಶೈಲಾಗೆ ಗಂಡು ಗೊತ್ತು ಮಾಡಲು ನನ್ನಷ್ಟು ಯೋಗ್ಯ ಮನುಷ್ಯ ಇಡೀ ದಾಂಡೇಲಿಯಲ್ಲೇ ಇರಲಿಲ್ಲ. ನಾನು ಸೋದರಮಾವ. ಮೇಲಾಗಿ ನನ್ನ ಬಳಿ ಎರಡು ಎಂ.ಎ. ಇದ್ದವು! ಅವನ್ನಿಟ್ಟುಕೊಂಡು ಬಸ್ ಸ್ಟ್ಯಾಂಡ್ ಎದುರು ಝೆರಾಕ್ಸ್ ಅಂಗಡಿ ನಡೆಸುತ್ತಿದ್ದೆ ಎಂಬುದು ಬೇರೆ ಮಾತು.

ಶೈಲಾ ಚಿಕ್ಕವಳಿದ್ದಾಗ ಅವಳನ್ನು ಸೈಕಲ್ ಮೇಲೆ ಕೂಡಿಸಿಕೊಂಡು ಕೋಗಿಲಬನಕ್ಕೆ ಹೋಗುತ್ತಿದ್ದೆ. ಹೊಳೆದಂಡೆಯಲ್ಲಿ ಶೇಂಗಾ ತಿನ್ನುವಾಗ ವಿಮಾನದ ಸದ್ದಾದರೆ ಸಾಕು, ಎದ್ದು ಕುಣಿಯುತ್ತಿದ್ದಳು.

"ಮಾಮಾ, ಅದನ್ನ ಯಾರು ಓಡಸ್ತಾರ?"

"ಡಿಗ್ರಿ ಮ್ಯಾಲ ಡಿಗ್ರಿ ಮಾಡಿದವ್ರು!"

"ಹಂಗಾರ ನೀವ್ಯಾಕ ಓಡಸಂಗಿಲ್ಲ?"

ನಾನು ಇನ್ನಷ್ಟು ಶೇಂಗಾ ಕೊಡುತ್ತಿದ್ದೆ. ಆದರೂ ಅವಳು ನನ್ನನ್ನು ಬಾಯಿ ತೆರೆದು ನೋಡುತ್ತಿದ್ದಳು. ಹಾಗೆ ನನ್ನನ್ನು ನೋಡಿದವರು ಆಮೇಲೆ ಯಾರೂ ಇಲ್ಲ. ಆ ಸಂಜೆಗಳು ಇವತ್ತಿಗೂ ಬೇಕು ಅನಿಸುತ್ತವೆ.

ಹಳಿಯಾಳದ ವಿನಾಯಕ ತಾಯಿಯ ಜೊತೆ ಹೆಣ್ಣು ನೋಡಲು ಬಂದ. ಪೈಲಟ್! ಅವಲಕ್ಕಿ, ಚಹಾ ಆಯಿತು. ಹುಡುಗ ನಕ್ಕ, ಹುಡುಗಿ ನಾಚಿದಳು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿದ್ದೆನೇ? ಗಂಟಲು ಸರಿಪಡಿಸಿಕೊಂಡು, "ಡಿಗ್ರಿ ಯಾವುದು ಮಾಡೀರಿ?" ಎಂದು ಕೇಳಿದೆ.

"ಡಿಗ್ರಿ ಮಾಡಿಲ್ರಿ. ಪಿಯುಸಿ ಸೈನ್ಸ್. ಆಮ್ಯಾಲ ವಿಮಾನದ ಟ್ರೇನಿಂಗ್, ಪರೀಕ್ಷಾ, ಲೈಸೆನ್ಸ್."

ನಾನು ಎದ್ದು ನಿಂತೆ. "ಡಿಗ್ರಿ ಇಲ್ದ ಗುಮಾಸ್ತನ ಕೆಲಸಾನೂ ಸಿಗಂಗಿಲ್ಲ, ವಿಮಾನ ಕೊಟ್ಟಾರೇನು? ಯಾರಿಗೆ ಟೋಪಿ ಹಾಕ್ತೀರಿ?"

ವಿನಾಯಕನ ತಾಯಿ ಚಹಾದ ಕಪ್ಪು ಕೆಳಗಿಟ್ಟರು. "ನಡಿಯಪಾ, ಹೋಗೂಣು." ಹೋಗಿಯೇಬಿಟ್ಟರು!

"ಲಗ್ನ ಅಂತಾದ್ರ ಅವರನ್ನ. ಇಲ್ಲಾಂದ್ರ ಲಗ್ನಾನ ಬ್ಯಾಡ!" ಎಂದು ಶೈಲಾ ಕೋಣೆಯ ಬಾಗಿಲು ಹಾಕಿಕೊಂಡಳು. ಅಕ್ಕ ಅಳತೊಡಗಿದಳು. ನನ್ನ ಹೆಂಡತಿ ಮಾತ್ರ ಅಳಲಿಲ್ಲ.

"ನಿಮ್ಮ ಎಂ.ಎ.ಗೆ ಬೆಂಕಿ ಹತ್ಲಿ! ಮೊಬೈಲ್ ತಗದು ನೋಡ್ರಿ. ಪೈಲಟ್ ಆಗಾಕ ಪಿಯುಸಿಯೊಳಗ ಫಿಜಿಕ್ಸ್, ಗಣಿತ ಇದ್ರ ಸಾಕಂತ."

ನೋಡಿದೆ. ಡಿಗ್ರಿಯನ್ನು ಯಾರೂ ಕೇಳಿಯೇ ಇರಲಿಲ್ಲ!

ಮರುದಿನ ಹಳಿಯಾಳದ ಬಸ್ ಹತ್ತಿದೆ. "ತಪ್ಪಾತ್ರಿ, ಯವ್ವಾ," ಎಂದು ಆ ತಾಯಿಗೆ ಕೈ ಮುಗಿದೆ.

"ಕಂಪನಿಯವ್ರು ಅಷ್ಟೊಂದು ಮಂದಿ ಜೀವಾನ ನನ್ನ ಮಗನ ಕೈಯಾಗ ಕೊಟ್ಟಾರ. ನೀವು ಒಂದು ಹುಡುಗಿ ಕೊಡಾಕ ಇಷ್ಟು ಅನುಮಾನ ಮಾಡಿದ್ರಲ್ರಿ!"

ವಿನಾಯಕ ನಗುತ್ತ ಚಹಾ ತಂದ. ಅವನಿಗೆ ಸಿಟ್ಟೇ ಇರಲಿಲ್ಲ. ಕಡೆಗೆ ತಾಯಿಯೂ ಹೂಂ ಅಂದರು.

ಮದುವೆ ನಮ್ಮ ದೊಡ್ಡಪ್ಪನ ಊರು ಮುಂಡಗೋಡದಲ್ಲಿ. ಶೈಲಾಳ ಕೈ ಹಿಡಿದು ಮಂಟಪಕ್ಕೆ ಕರೆದೊಯ್ಯುವಾಗ ಕಣ್ಣು ತುಂಬಿ ಬಂತು. ಇಷ್ಟು ಬೇಗ ಬೆಳೆದುಬಿಟ್ಟಳಲ್ಲ! ಅಷ್ಟರಲ್ಲಿ ನಮ್ಮ ದೊಡ್ಡಪ್ಪ ಅಡ್ಡ ಬಂದರು.

"ತಡಿ, ತಡಿ. ವಿಮಾನ ಓಡಸೂ ಹುಡುಗ ಏನು ಓದ್ಯಾನ?"

ಥೇಟ್ ನನ್ನದೇ ಸ್ವಭಾವ! ಪಿಯುಸಿ ಎಂದರೆ ಮುಹೂರ್ತ ಮೀರುವ ತನಕ ಬಿಡುವವರಲ್ಲ.

"ಎಂ.ಎ.! ಅದೂ ಎರಡು!" ಎಂದುಬಿಟ್ಟೆ.

"ಹಂಗಾರ ವಿಮಾನ ಬೀಳಂಗಿಲ್ಲ ಬಿಡು," ಎಂದು ದೊಡ್ಡಪ್ಪ ಸಮಾಧಾನದಿಂದ ಕುರ್ಚಿಗೆ ಮರಳಿದರು.

ಶೈಲಾ ಬಾಸಿಂಗದ ಮರೆಯಿಂದ ಪಿಸುಗುಟ್ಟಿದಳು. "ಮಾಮಾ, ನಿಮ್ಮ ಡಿಗ್ರಿ ಕಡೀಕೂ ಒಂದು ಕೆಲಸಕ್ಕ ಬಂದ್ವು ನೋಡ್ರಿ!"

ಬಂದವು, ನಿಜ. ಆದರೆ ಇನ್ನೊಬ್ಬನ ಹೆಸರಿಗೆ!